ಕಾರ್ಮಿಕಬಂಧು ರಾಬರ್ಟ್ ವ್ಯಾಗ್ನರ್

ಜರ್ಮನಿಯ ನಾಸ್ಟೆಟನ್ ಎಂಬ ಊರಿನಲ್ಲಿ 1877ರಲ್ಲಿ ಹುಟ್ಟಿದ ರಾಬರ್ಟ್ ವ್ಯಾಗ್ನರ್, ಎಳೆಯ ಬಾಲಕನಾಗಿರುವಾಗಲೇ ತಂದೆತಾಯಿಗಳೊಡನೆ ನ್ಯೂಯಾರ್ಕಿಗೆ ವಲಸೆ ಬಂದರು. ತಂದೆಯದು ಬಾಡಿಗೆಯ ಕಟ್ಟಡವೊಂದನ್ನು ಗುಡಿಸಿ ನೋಡಿಕೊಳ್ಳುವ ಕೆಲಸ. ಮಗನು ಬೀದಿಯಲ್ಲಿ ಪತ್ರಿಕೆ ಮಾರಿದನು. ಶುಲ್ಕವಿಲ್ಲದ ಸಿಟಿ ಕಾಲೇಜು ಈ ಬಡ ಹುಡುಗನಿಗೆ ವಿದ್ಯೆಯ ಬಾಗಿಲನ್ನು ತೆರೆಯಿತು. ವಕೀಲರಾಗಿ, ಬಳಿಕ ರಾಜ್ಯದ ಶಾಸನಸಭೆಯನ್ನು ಸೇರಿದರು.

1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಮಡಿದರು. ಅವರಲ್ಲಿ ಬಹುಮಂದಿ ವಲಸೆ ಬಂದ ತರುಣಿಯರು. ಹೊರಬಾಗಿಲೊಂದಕ್ಕೆ ಬೀಗ ಹಾಕಲಾಗಿತ್ತು. ವಿಚಾರಣಾ ಆಯೋಗದ ಅಧ್ಯಕ್ಷರಾದ ವ್ಯಾಗ್ನರ್ ಕಾರ್ಖಾನೆಗಳನ್ನು ತಾವೇ ಹೊಕ್ಕು ನೋಡಿದರು. ಆ ಶ್ರಮದ ಫಲವಾಗಿ ಮೂವತ್ತಕ್ಕೂ ಹೆಚ್ಚು ಕಾಯಿದೆಗಳು ಜಾರಿಗೆ ಬಂದುವು.

1927ರಲ್ಲಿ ಅವರು ಅಮೆರಿಕೆಯ ಸೆನೆಟನ್ನು ಪ್ರವೇಶಿಸಿದರು. ಸಂಘ ಕಟ್ಟಿ ಮಾಲೀಕರೊಡನೆ ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕನ್ನು ಕಾರ್ಮಿಕರಿಗೆ ಕೊಟ್ಟ 1935ರ ಕಾಯಿದೆ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆದರೆ ಹೊಲದ ಆಳುಗಳೂ ಮನೆಗೆಲಸದವರೂ ಅದರ ಹೊರಗೇ ಉಳಿದರು.

1939ರಲ್ಲಿ, ನಾಜಿಗಳ ಹಿಂಸೆಗೆ ಸಿಕ್ಕಿದ 20,000 ಮಕ್ಕಳನ್ನು ಜರ್ಮನಿಯಿಂದ ಕರೆತರಲು ಅವರು ಮಸೂದೆಯೊಂದನ್ನು ಮಂಡಿಸಿದರು. ವಲಸೆಗಾರರನ್ನು ಒಲ್ಲದವರ ವಿರೋಧ ಪ್ರಬಲವಾಗಿ, ಅದು ಕಾಯಿದೆಯಾಗಲೇ ಇಲ್ಲ. ಹಿಂದೊಮ್ಮೆ ಅದೇ ನಾಡಿನ ಬಾಲಕನೊಬ್ಬನಿಗೆ ತೆರೆದಿದ್ದ ಬಾಗಿಲು ಈ ಮಕ್ಕಳಿಗೆ ಮುಚ್ಚಿಯೇ ಇದ್ದಿತು.

ಅನಾರೋಗ್ಯದಿಂದ 1949ರಲ್ಲಿ ಸೆನೆಟಿಗೆ ರಾಜೀನಾಮೆಯಿತ್ತ ವ್ಯಾಗ್ನರ್ 1953ರಲ್ಲಿ ತೀರಿಕೊಂಡರು. ಗೆದ್ದ ಕಾಯಿದೆಗಳ ಜೊತೆಗೆ ಸೋತ ಆ ಮಸೂದೆಯನ್ನೂ ನೆನೆದಾಗಲೇ ಅವರ ಜೀವನಚಿತ್ರ ಪೂರ್ಣವಾಗುವುದು.