ಕಾರಾಪುರದ ಸಾಬು ಮತ್ತು ಲೆನ್ಸ್‌ಗೆ ಹಿಡಿಯುವ ಬೂಷ್ಟು

ಕಬಿನಿ ಸಫಾರಿಗೆ ಹೆಸರಾದ ಎಚ್.ಡಿ. ಕೋಟೆಯ ಕಾರಾಪುರ ಗೊತ್ತಲ್ಲ? ಹಾಲಿವುಡ್ ತಾರೆ ಸಾಬು 1924ರಲ್ಲಿ ಹುಟ್ಟಿದ್ದು ಅಲ್ಲೇ. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ಸಾಬು ಚಿಕ್ಕವನಿದ್ದಾಗಲೇ ತೀರಿಕೊಂಡರು.

ರಾಬರ್ಟ್ ಫ್ಲಾಹರ್ಟಿ ತಂಡ ಮೈಸೂರು ಸೀಮೆಗೆ ಕ್ಯಾಮೆರಾ ತಂದಾಗ ಈ ಹುಡುಗನೇ ನಾಯಕನಾದ. 1937ರ ‘ಎಲಿಫೆಂಟ್ ಬಾಯ್’ ಅವನನ್ನು ಜಗತ್ತಿಗೆ ತೋರಿಸಿತು. ಬಳಿಕ ‘ದಿ ಥೀಫ್ ಆಫ್ ಬಗ್ದಾದ್’ (1940), ‘ಜಂಗಲ್ ಬುಕ್’ (1942). ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದ ಗನ್ನರ್. 1963ರಲ್ಲಿ, 39ನೇ ವಯಸ್ಸಿಗೇ ಹೃದಯಾಘಾತದಿಂದ ನಿಧನರಾದರು.

ಅವರು ಬೆಳೆದ ಕಾಡಿನ ಮಳೆಗಾಲದ ತೇವ ಇಂದಿಗೂ ಕ್ಯಾಮೆರಾದ ಶತ್ರು. ಲೆನ್ಸ್ ಒಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿದರೆ ಚಿತ್ರ ಮಂಕಾಗುತ್ತದೆ.

ಒದ್ದೆಯಾದ ಕ್ಯಾಮೆರಾವನ್ನು ಅಕ್ಕಿಯಲ್ಲಿ ಹೂತಿಟ್ಟರೆ ಸಾಕು ಎಂಬುದು ತಪ್ಪು. ಅಕ್ಕಿ ತೇವ ಹೀರುವುದು ಕಡಿಮೆ, ಅದರ ಹುಡಿಯೂ ಸಂದುಗಳಿಗೆ ಸೇರುತ್ತದೆ. ಸ್ವಿಚ್ ಆಫ್ ಮಾಡಿ, ಬ್ಯಾಟರಿ ತೆಗೆದು ಒಣಗಿಸಿ. ನಂತರ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಡಿ. ಲೆನ್ಸನ್ನು ಅಂಗಿಯಂಚಿನಿಂದ ಉಜ್ಜಬೇಡಿ. ಮೊದಲು ಬ್ಲೋವರ್‌ನಿಂದ ಧೂಳು ಹಾರಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ.

ಸಾಬು ಹೋಗಿ 60 ವರ್ಷ ದಾಟಿದರೂ ಆನೆಯ ಮೇಲಿನ ಆ ನಗು ಇನ್ನೂ ತೆರೆಯ ಮೇಲಿದೆ. ನಿಮ್ಮ ಮನೆಯ ಅಜ್ಜಿಯ ನಗುವೂ ಹಾಗೇ ಉಳಿಯಲಿ.