ಪೆತ್ರುಸ್ ಗೊನ್ಸಾಲ್ವುಸ್: ಮೈತುಂಬಾ ಕೂದಲಿದ್ದ ಅಪ್ಪ, ಮಕ್ಕಳು

ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ಕೂಸಿನ ಮೈಮೇಲೆ ಕೂದಲು ಜಾಸ್ತಿ ಕಂಡ್ರೆ ಕಡ್ಲಿಹಿಟ್ಟು, ಅರಿಶಿಣ ಕಲಸಿ ತಿಕ್ಕೋದು ರೂಢಿ. ಹುಟ್ಟಿದಾಗಿನ ನವಿರು ಕೂದಲು ಸ್ವಲ್ಪ ದಿನಕ್ಕೆ ತಾನೇ ಉದುರ್ತದೆ, ಹೆಸರು ಮಾತ್ರ ಕಡ್ಲಿಹಿಟ್ಟಿಗೆ ಬರ್ತದೆ. ಗೊನ್ಸಾಲ್ವುಸ್‌ಗೆ ಅದು ಉದುರಲೇ ಇಲ್ಲ.

ಆತ ಹುಟ್ಟಿದ್ದು ಸುಮಾರು 1537ರಲ್ಲಿ, ಸ್ಪೇನಿನ ಕೈಯಲ್ಲಿದ್ದ ಟೆನೆರಿಫ್ ದ್ವೀಪದಲ್ಲಿ. ಹಣೆ, ಕೆನ್ನೆ, ಮೂಗು ಎಲ್ಲಾ ಕಡೆ ಉದ್ದ ಕೂದಲು. ಹತ್ತು ವರ್ಷದವನಿದ್ದಾಗ, 1547ರಲ್ಲಿ, ಫ್ರಾನ್ಸಿನ ರಾಜ ಎರಡನೇ ಹೆನ್ರಿಯ ಆಸ್ಥಾನಕ್ಕೆ ಬಂದ. ಬಂದ ಅನ್ನೋದಕ್ಕಿಂತ ಕಾಣಿಕೆಯಾಗಿ ಸೇರಿದ ಅನ್ನಬೇಕು, ಗಿಳಿ, ಕುದುರೆ ಕೊಡ್ತಾರಲ್ಲ ಹಂಗ. ರಾಜ ಆತನನ್ನು ಓದಿಸಿದ. ಹುಡುಗ ಲ್ಯಾಟಿನ್ ಕಲಿತ, ರಾಜನ ಊಟದ ಸೇವೆಯಲ್ಲಿ ಕೆಲಸ ಪಡೆದ.

ಮುಂದೆ ಕ್ಯಾಥರಿನ್ ಎಂಬ ಹುಡುಗಿಯ ಜೊತೆ ಮದುವೆಯಾಯಿತು. ಬ್ಯೂಟಿ ಅಂಡ್ ದಿ ಬೀಸ್ಟ್ ಕಥೆಗೆ ಇದೇ ಮೂಲ ಅಂತ ಹಲವರು ಹೇಳ್ತಾರೆ. ನಮಗೆ ಅದು ಒಪ್ಪಿಗೆಯಾಗಲಿಲ್ಲ. ಕಥೆಯಲ್ಲಿ ಕೊನೆಗೆ ಮೃಗ ಚೆಂದದ ರಾಜಕುಮಾರ ಆಗ್ತದೆ, ಗೊನ್ಸಾಲ್ವುಸ್ ಹಂಗೇ ಉಳಿದ.

ಕೆಲವು ಮಕ್ಕಳಿಗೂ ಅಪ್ಪನ ಹಾಗೆಯೇ ಕೂದಲು ಬಂತು. ಆ ಮಕ್ಕಳೇ ಹೆಚ್ಚು ಬೆಲೆ ಕೊಟ್ಟವರು. ಕುಟುಂಬ ಇಟಲಿಯ ಪಾರ್ಮಾ ಸೇರಿದ ಮೇಲೆ ಫರ್ನೇಸೆ ಮನೆತನದವರು ಮಗ ಎನ್ರಿಕೊನನ್ನು ರೋಮಿನ ಕಾರ್ಡಿನಲ್‌ಗೆ ಕೊಟ್ಟರು, ಮಗಳು ಆಂಟೋನಿಯೆಟ್ಟಾಳನ್ನು ಸೊರಾನ್ಯಾದ ಒಡತಿಗೆ ಕೊಟ್ಟರು. 1594ರಲ್ಲಿ ಬೊಲೊನ್ಯಾದಲ್ಲಿ ಅಲ್ಡ್ರೊವಾಂಡಿ ಎಂಬ ವಿದ್ವಾಂಸ ಆ ಸಣ್ಣ ಹುಡುಗಿಯನ್ನು ಪರೀಕ್ಷಿಸಿದ. ಲವೀನಿಯಾ ಫೊಂಟಾನಾ ಎಂಬ ಕಲಾವಿದೆ ಆಕೆಯ ಚಿತ್ರ ಬರೆದಳು. ಚೆಂದದ ಅಂಗಿ, ತಲೆಯಲ್ಲಿ ಹೂವು, ಕೈಯಲ್ಲಿ ತನ್ನ ಕಥೆ ಬರೆದ ಹಾಳೆ. ಆ ಮುಖ ನೋಡಿದ್ರೆ ನಮ್ಮ ತಂಗಿಯರ ವಯಸ್ಸಿನ ಕೂಸು ಅಷ್ಟೇ. ನೋಡಿದವರು ಬರೆದರು, ಚಿತ್ರಿಸಿದರು. ಔಷಧ ಯಾರ ಹತ್ರಾನೂ ಇರಲಿಲ್ಲ.

ಔಷಧ ಅಲ್ಲದಿದ್ದರೂ ದಾರಿ ಕಂಡಿದ್ದು 1875ರಲ್ಲಿ. ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ಡಾಕ್ಟರ್ ಚಾರ್ಲ್ಸ್ ಮಿಶೆಲ್, ಒಳಮುಖವಾಗಿ ಬೆಳೆದ ರೆಪ್ಪೆಗೂದಲನ್ನು ಸೂಜಿ ಮತ್ತು ವಿದ್ಯುತ್ತಿನಿಂದ ಬೇರುಸಹಿತ ಸುಟ್ಟ ವಿಚಾರ ಪ್ರಕಟಿಸಿದ. ಅದೇ ಎಲೆಕ್ಟ್ರಾಲಿಸಿಸ್. ಶಾಶ್ವತ ಅಂತ ಗಟ್ಟಿಯಾಗಿ ಹೇಳಬಹುದಾದ್ದು ಇದನ್ನೇ, ಆದರೆ ಒಂದೊಂದೇ ಕೂದಲು, ನೋವೂ ಇರ್ತದೆ. ಮೈತುಂಬಾ ಇರೋ ಕೂಸಿಗೆ ಆಗೋ ಮಾತಲ್ಲ. ಲೇಸರ್‌ನಲ್ಲಿ ಕೂದಲಿನ ಕಪ್ಪು ಬಣ್ಣ ಬೆಳಕು ಹೀರಿ ಬಿಸಿಯಾಗಿ ಬೇರಿಗೆ ಪೆಟ್ಟು ಕೊಡ್ತದೆ. ನಮ್ಮಂಥ ಕಪ್ಪು ಚರ್ಮವೂ ಬೆಳಕು ಹೀರೋದ್ರಿಂದ ಸುಡುವ ಭಯ ಜಾಸ್ತಿ, ಅದಕ್ಕೇ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಬಳಸ್ತಾರೆ. ಲೇಸರ್ ಕೂದಲನ್ನು ಬಹಳ ಕಾಲ ಕಡಿಮೆ ಮಾಡ್ತದೆ, ಪೂರ್ತಿ ಹೋಗ್ತದೆ ಅಂತಲ್ಲ. ಪ್ರಾಯಕ್ಕೆ ಬರುವಾಗ ಹಾರ್ಮೋನ್ ಬದಲಾಗಿ ಹೊಸ ಕೂದಲು ಬರೋದರಿಂದ, ಸಣ್ಣವರಿಗೆ ಕಾಯಿರಿ ಅಂತ ಡಾಕ್ಟರು ಹೇಳೋದುಂಟು. ಅಲ್ಲೀವರೆಗೆ ಕತ್ತರಿಸಿದ್ರೂ ಬೋಳಿಸಿದ್ರೂ ಕೂದಲು ದಪ್ಪ ಆಗಲ್ಲ, ಅದು ಬರೀ ನಂಬಿಕೆ. ಎಂಟು ವರ್ಷದೊಳಗಿನ ಹುಡುಗಿಗೆ ಕಂಕುಳಲ್ಲಿ ಕೂದಲು ಬಂದ್ರೆ ಮಾತ್ರ ಬ್ಯೂಟಿ ಪಾರ್ಲರ್ ಬಿಟ್ಟು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೇ ಹೋಗಬೇಕು, ಹಾರ್ಮೋನ್ ಪರೀಕ್ಷೆ ಮೊದಲು.

ಗೊನ್ಸಾಲ್ವುಸ್‌ನ ಕೊನೆಯ ವರ್ಷಗಳು ಇಟಲಿಯ ಬೊಲ್ಸೇನಾ ಕೆರೆಯ ದಂಡೆಯ ಕಾಪೊಡಿಮೊಂಟೆ ಎಂಬ ಊರಲ್ಲಿ ಕಳೆದವು. ಸುಮಾರು 1618ರಲ್ಲಿ ತೀರಿಕೊಂಡ. ಆತನ, ಮಕ್ಕಳ ಚಿತ್ರಗಳು ಆಸ್ಟ್ರಿಯಾದ ಆಂಬ್ರಾಸ್ ಕೋಟೆಯಲ್ಲಿವೆ. ಈ ಬಗೆಯ ಕೂದಲಿನ ಸ್ಥಿತಿಗೆ ಡಾಕ್ಟರುಗಳು ಆಂಬ್ರಾಸ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಚಿತ್ರ ತೂಗುಹಾಕಿದ ಕೋಟೆಯ ಹೆಸರು ಅದು, ಗೊನ್ಸಾಲ್ವುಸ್‌ನದಲ್ಲ.