ಟೂರಿಂಗ್ ಬರೆದಿಟ್ಟ ಚೀಟಿ

ವರ್ಚುವಲ್ ಮಷೀನನ್ನು ಅರ್ಧಕ್ಕೆ ಮಲಗಿಸಿ, ಸ್ಟೇಟ್ ಸೇವ್ ಮಾಡಿ, ನಾವು ಹಬ್ಬಕ್ಕೆ ಇಜೇರಿಗೆ ಹೋದ್ವಿ. ಬಂದು ಎಬ್ಬಿಸಿದರೆ ಅದರೊಳಗಿನ ಟಿಪಿಎಂ, ಅಂದರೆ ಸಾಫ್ಟ್‌ವೇರಿನಲ್ಲೇ ಮಾಡಿದ ಸೆಕ್ಯುರಿಟಿ ಚಿಪ್, ಹಳೇ ಸ್ಟೇಟ್ ಬೇಡ ಅಂತ ಕೂತುಬಿಟ್ಟಿತು. ಕಾರಣ ಹುಡುಕುತ್ತಾ ಹೋದವರು ಅಲನ್ ಟೂರಿಂಗ್ ಹತ್ತಿರ ಹೋಗಿ ಮುಟ್ಟಿದ್ವಿ.

ಟೂರಿಂಗ್ ನಮಗೆ ತೀರಾ ದೂರದವನಲ್ಲ. ತಂದೆ ಜೂಲಿಯಸ್ ಐಸಿಎಸ್ ಅಧಿಕಾರಿ. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯಲ್ಲೂ ಕೆಲಸ ಮಾಡಿದವರು. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಚೀಫ್ ಎಂಜಿನಿಯರ್, ತುಂಗಭದ್ರೆಗೆ ಸೇತುವೆ ಕಟ್ಟಿಸಿದವರು. ಅಲನ್ ಹುಟ್ಟಿದ್ದು ಮಾತ್ರ ಲಂಡನ್ನಿನಲ್ಲಿ, 1912ರ ಜೂನ್ 23ರಂದು. ಅಪ್ಪ ಅವ್ವ ಇಂಡಿಯಾದಲ್ಲಿ, ಮಗ ಅಲ್ಲಿ ಯಾರದೋ ಮನೆಯಲ್ಲಿ. ಹಾಸ್ಟೆಲಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1936ರಲ್ಲಿ, ಕೇಂಬ್ರಿಜ್‌ನಲ್ಲಿದ್ದಾಗ, ಆತ ತನ್ನ ಹೆಸರಾಂತ ಪ್ರಬಂಧ ಬರೆದ. ಒಂದೇ ಯಂತ್ರ ಉಳಿದೆಲ್ಲ ಯಂತ್ರಗಳ ಹಾಗೆ ನಡೆದುಕೊಳ್ಳಬಹುದು ಅಂತ ತೋರಿಸಿದ್ದು ಅದರಲ್ಲೇ. ನಮ್ಮ ಎಮ್ಯುಲೇಟರಿನ ಬೇರು ಅದು. ಸಿಲಬಸ್ಸಿನಲ್ಲಿ ಬರದ ಇನ್ನೊಂದು ಸಂಗತಿಯೂ ಅಲ್ಲಿದೆ. ಲೆಕ್ಕ ಮಾಡುವ ಮನುಷ್ಯ ನಡುವೆ ಎದ್ದು ಹೋಗಬಹುದು, ಎಲ್ಲ ಮರೆಯಬಹುದು. ಮುಂದೇನು ಮಾಡಬೇಕು ಅನ್ನೋದನ್ನು ಚೀಟಿಯಲ್ಲಿ ಬರೆದಿಟ್ಟರೆ ಬಂದು ಮುಂದುವರಿಸಬಹುದು. ಸೇವ್ ಮಾಡಿದ ಸ್ಟೇಟ್ ಅಂದರೆ ಆ ಚೀಟಿಯೇ.

ಆದರೆ ಚೀಟಿ ಬರೆದ ಮೇಲೆ ಯಾರಾದರೂ ಲೆಕ್ಕ ತಿದ್ದಿದರೆ? ನಮ್ಮಲ್ಲಿ ಆದದ್ದು ಅದೇ. ಸ್ಟೇಟ್ ಸೇವ್ ಆದ ನಂತರ ನಮ್ಮದೇ ಸ್ಕ್ರಿಪ್ಟ್ ಚಿಪ್ಪಿನ ಒಂದು ರಿಜಿಸ್ಟರ್ ಬದಲಿಸಿತ್ತು. ಚಿಪ್ ಆ ಕ್ಷಣವೇ ಸೇವ್ ಆದದ್ದನ್ನು ರದ್ದು ಮಾಡಿತ್ತು. ನಮ್ಮ ಡ್ರೈವರ್‌ಗೆ ಅದರ ಸುದ್ದಿಯೇ ಇಲ್ಲ. ಸ್ಟೇಟ್ ಚೆನ್ನಾಗಿದೆ ಅಂತಲೇ ನಂಬಿತ್ತು. ಸೇವ್ ಆದಾಗ ಏರಿಸಿ, ಸ್ಟೇಟ್ ಬದಲಿಸುವ ಯಾವುದೇ ಕಮಾಂಡ್ ಹೋದರೆ ಇಳಿಸುವ ಒಂದು ಫ್ಲ್ಯಾಗ್ ಬೇಕಿತ್ತು. ಎರಡು ರಾತ್ರಿ ಹಿಡಿಯಿತು, ಸುಳ್ಳು ಯಾಕೆ.

ಯುದ್ಧ ಬಂದಾಗ ಟೂರಿಂಗ್ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನ್ನರ ಎನಿಗ್ಮಾ ಯಂತ್ರದ ಎದುರು ಕೂತ. ಅದರ ಸೆಟ್ಟಿಂಗ್ ದಿನಾ ಬದಲಾಗೋದು. ನಿನ್ನೆ ಕಂಡುಹಿಡಿದ ಕೀ ಇವತ್ತಿಗೆ ಬರೀ ಕಾಗದ. ಆತ ವಿನ್ಯಾಸ ಮಾಡಿದ ಬಾಂಬ್ ಎಂಬ ಯಂತ್ರ ಆಯಾ ದಿನದ ಸೆಟ್ಟಿಂಗ್ ಹುಡುಕಲು ನೆರವಾಯಿತು.

ಇಷ್ಟು ಗುಟ್ಟು ಕಾಯ್ದವನನ್ನು 1952ರಲ್ಲಿ, ಸಲಿಂಗಪ್ರೇಮಿ ಎಂಬ ಕಾರಣಕ್ಕೆ, ಕೋರ್ಟು ಅಪರಾಧಿ ಮಾಡಿತು. ಜೈಲು ತಪ್ಪಿಸಿಕೊಳ್ಳಲು ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. ಸರ್ಕಾರದ ರಹಸ್ಯ ಕೆಲಸದ ಅನುಮತಿಯೂ ಹೋಯಿತು. 1954ರ ಜೂನ್ 7ರಂದು ಸಯನೈಡ್ ವಿಷದಿಂದ ಸತ್ತಾಗ ವಯಸ್ಸು 41. ಬ್ರಿಟನ್ ಕ್ಷಮಾದಾನ ಕೊಟ್ಟಿದ್ದು 2013ರಲ್ಲಿ.